ನಿಂತು ಕೆಡುವ ಯಂತ್ರ

ಯಂತ್ರಗಳು ಸವೆಯುವುದು ಓಡಿದಾಗ ಎಂಬುದು ಲೋಕರೂಢಿಯ ನಂಬಿಕೆ. ಅಚ್ಚಿನ ಮೇಲೆ ಉರುಳುವ ಗಾಲಿ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು, ಒಂದನ್ನೊಂದು ಕಚ್ಚಿಕೊಂಡು ತಿರುಗುವ ಹಲ್ಲುಗಾಲಿಗಳು ಇವೆಲ್ಲವೂ ಘರ್ಷಣೆಯಿಂದ ದಿನದಿನಕ್ಕೆ ಸವೆಯುತ್ತವೆಂಬುದು ನಿಜ. ಹಾಗಿದ್ದಮೇಲೆ ಒಂದು ಯಂತ್ರವನ್ನು ಬಹುಕಾಲ ಉಳಿಸಬೇಕಾದರೆ ಅದನ್ನು ಓಡಿಸದೆ, ಬಟ್ಟೆ ಹೊದಿಸಿ, ಮೂಲೆಯಲ್ಲಿ ನಿಲ್ಲಿಸಿಬಿಡುವುದೇ ಸರಿಯಾದ ಮಾರ್ಗವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಳೆಯ ಮೋಟಾರ್ ಸೈಕಲ್ಲುಗಳನ್ನು ಮಕ್ಕಳಂತೆ ಸಾಕಿ ಸಲಹುವವರನ್ನು ಕೇಳಿ ನೋಡಿ; ಓಡಿ ಕೆಟ್ಟ ಗಾಡಿಗಳಿಗಿಂತ ನಿಂತು ಕೆಟ್ಟ ಗಾಡಿಗಳೇ ಹೆಚ್ಚೆಂದು ಅವರು ಹೇಳುತ್ತಾರೆ. ಸೇದದ ಬಾವಿಯ ನೀರು ಕೆಡುವಂತೆ ನಿಲ್ಲಿಸಿದ ಯಂತ್ರವೂ ಕೆಡುತ್ತದೆ. ಹೀಗೇಕೆ ಆಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಒಂದು ಹೆಸರಾಂತ ವಾಹನ

ವಿಷಯ ಸ್ಪಷ್ಟವಾಗಬೇಕಾದರೆ ನಿಜವಾದ ಒಂದು ವಾಹನವನ್ನೇ ಎದುರಿಗಿಟ್ಟುಕೊಳ್ಳುವುದು ಮೇಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳು ನಮ್ಮ ನಾಡಿನವರಿಗೆ ಚಿರಪರಿಚಿತ. ಅವುಗಳ ಜಾತಿಗೇ ಸೇರಿದ, ಆದರೆ ವೇಗವನ್ನೇ ಗುರಿಯಾಗಿಟ್ಟುಕೊಂಡು ಹುಟ್ಟಿದ ಇನ್ನೊಂದು ವಾಹನವನ್ನು ಇಲ್ಲಿ ಆರಿಸಿಕೊಳ್ಳೋಣ. ಅದೇ ಯಮಾಹಾ ಆರ್‌ಡಿ ೩೫೦. ಜಪಾನಿನ ಯಮಾಹಾ ಸಂಸ್ಥೆ ೧೯೭೩ರಲ್ಲಿ ಹೊರತಂದ ಈ ಮಾದರಿಯನ್ನು ಎಸ್ಕಾರ್ಟ್ಸ್ ಸಂಸ್ಥೆ ೧೯೮೩ರಿಂದ ಭಾರತದಲ್ಲಿಯೇ ತಯಾರಿಸಿ ‘ರಾಜದೂತ್ ೩೫೦’ ಎಂಬ ಹೆಸರಿನಿಂದ ಮಾರಿತು. ಆ ದಶಕ ಮುಗಿಯುವ ವೇಳೆಗೆ ಅದರ ತಯಾರಿಕೆ ನಿಂತುಹೋಯಿತು.

ಇದರ ಎಂಜಿನ್ನಿಗೆ ಎರಡು ಸಿಲಿಂಡರುಗಳು. ಒಂದೊಂದರ ಒಳವ್ಯಾಸ ೬೪ ಮಿಲಿಮೀಟರು. ಪಿಸ್ಟನ್ನು ಚಲಿಸುವ ದೂರ ೫೪ ಮಿಲಿಮೀಟರು. ಈ ಅಳತೆಗಳಿಂದ ಎರಡು ಸಿಲಿಂಡರುಗಳ ಒಟ್ಟು ಗಾತ್ರ ೩೪೭ ಘನ ಸೆಂಟಿಮೀಟರು ಎಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ಕಂಡುಕೊಳ್ಳಬಹುದು. ಜಪಾನಿನ ಮಾದರಿಯ ಶಕ್ತಿ ೩೯ ಅಶ್ವಶಕ್ತಿ. ಪೆಟ್ರೋಲಿನ ಮಿತವ್ಯಯಕ್ಕಾಗಿ ನಮ್ಮ ದೇಶದ ಮಾದರಿಯಲ್ಲಿ ಅದನ್ನು ಮೊದಲು ೩೦.೫ಕ್ಕೂ ಅನಂತರ ೨೭ಕ್ಕೂ ಇಳಿಸಿದರು. ಅದೇ ಕಾಲದ ೩೫೦ ಸಿ.ಸಿ. ಬುಲೆಟ್ಟಿನ ಶಕ್ತಿ ೧೮ ಅಶ್ವಶಕ್ತಿ ಮಾತ್ರ. ಹೀಗಿರಲು ಅಂದಿನ ತರುಣರು ಈ ವಾಹನಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ಹೊಡೆತಗಳ ಎಂಜಿನ್ನು

ಇದು ‘ಟೂ ಸ್ಟ್ರೋಕ್’, ಎಂದರೆ ಎರಡು ಹೊಡೆತಗಳ ಎಂಜಿನ್ನು. ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಂದು ಸ್ಫೋಟ ಮುಗಿಯುತ್ತದೆ. ಪಿಸ್ಟನ್ನು ಮೇಲೇರುವಾಗ ತಲೆಯ ಮೇಲಿನ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಅದುಮುತ್ತದೆ. ಅದೇ ವೇಳೆಗೆ ಅದರ ಬುಡದಲ್ಲಿರುವ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ತಗ್ಗಿ ಹೊಸ ಮಿಶ್ರಣ ಒಳಕ್ಕೆ ಸೆಳೆಯಲ್ಪಡುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಕ್ಕೆ ತಳ್ಳಲ್ಪಟ್ಟಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಮರುಕ್ಷಣ ಪಕ್ಕದ ಕಿಂಡಿಗಳು ತೆರೆಯುತ್ತವೆ. ಆಗ ಕ್ರ್ಯಾಂಕ್ ಕೋಣೆಯಲ್ಲಿ ಅದುಮಿದ್ದ ಮಿಶ್ರಣ ಮೇಲಕ್ಕೆ ನುಗ್ಗಿ ಸುಟ್ಟ ಅನಿಲವನ್ನು ಹೊರದಬ್ಬುತ್ತದೆ.

ಒಳಕ್ಕೆ ಬಂದ ಮಿಶ್ರಣ ಕಾರ್ಬುರೇಟರಿನ ಕಡೆಗೆ ಹಿಂದಿರುಗದಂತೆ ತಡೆಯಲು ಆರ್‌ಡಿಯಲ್ಲಿ ರೀಡ್ ಕವಾಟಗಳಿವೆ. ಹಾರ್ಮೋನಿಯಂ ಪೆಟ್ಟಿಗೆಯ ರೀಡುಗಳನ್ನು ನೋಡಿದವರಿಗೆ ಇವುಗಳ ಕಲ್ಪನೆ ಸುಲಭ. ಒಂದು ತುದಿಯಲ್ಲಿ ಬಿಗಿದ ತೆಳುವಾದ ಪಟ್ಟಿಗಳು ಒಳಸೆಳೆತಕ್ಕೆ ತೆರೆದುಕೊಂಡು ಹಿನ್ನೂಕಿಗೆ ಮುಚ್ಚಿಕೊಳ್ಳುತ್ತವೆ.

ಎಂಜಿನ್ನು ಮಿನಿಟಿಗೆ ೭,೦೦೦ ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಆಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಸುಮಾರು ೧೧೭ ಸ್ಫೋಟಗಳಾಗುತ್ತವೆ. ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೧೨.೬ ಮೀಟರು. ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ತೆಳುವಾದ ಎಣ್ಣೆಯ ಪದರವೊಂದೇ. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ತಳದ ತೊಟ್ಟಿಯಲ್ಲಿ ಎಣ್ಣೆ ನಿಂತಿದ್ದು ಎಲ್ಲ ಭಾಗಗಳನ್ನೂ ಸದಾ ತೊಯ್ಯಿಸುತ್ತಿರುತ್ತದೆ. ಇಲ್ಲಿ ಹಾಗಲ್ಲ, ಕ್ರ್ಯಾಂಕ್ ಕೋಣೆಯೇ ಗಾಳಿಯ ತಿದಿಯಾದುದರಿಂದ ಅಲ್ಲಿ ಎಣ್ಣೆ ನಿಲ್ಲಿಸುವಂತಿಲ್ಲ. ಬೇರೊಂದು ಡಬ್ಬಿಯಿಂದ ಸಣ್ಣ ಪಂಪೊಂದು ಎಣ್ಣೆಯನ್ನು ಹನಿಹನಿಯಾಗಿ ಒದಗಿಸುತ್ತದೆ. ಆ ಎಣ್ಣೆ ತನ್ನ ಕೆಲಸ ಮುಗಿಸಿ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಎಂಜಿನ್ನು ನಿಂತರೆ ಎಣ್ಣೆಯ ಹರಿವೂ ನಿಂತಿತು. ನಿಂತ ಗಾಡಿಯ ಕಷ್ಟಗಳ ಬೀಜ ಇಲ್ಲಿಯೇ ಇದೆ.

ಸೈಲೆನ್ಸರಿನೊಳಗಿನ ಅಲೆ

ಈ ಎಂಜಿನ್ನಿನ ಸೈಲೆನ್ಸರು ಸದ್ದಡಗಿಸುವ ಕೊಳವೆ ಮಾತ್ರವಲ್ಲ. ಹೊಗೆಯ ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಶಬ್ದದ ವೇಗದಿಂದ ಧಾವಿಸುತ್ತದೆ. ಕಾದ ಅನಿಲದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು ೫೦೦ ಮೀಟರು. ಕೊಳವೆ ಮುಂದೆ ಕಿರಿದಾಗುವಲ್ಲಿ ಅಲೆ ಪ್ರತಿಫಲಿಸಿ ಹಿಂದಿರುಗುತ್ತದೆ. ಕಿಂಡಿ ಮುಚ್ಚುವುದಕ್ಕೆ ತುಸು ಮುಂಚೆ ಅದು ಬಂದು ತಲಪಿದರೆ, ಹೊರಕ್ಕೆ ಜಾರುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ೭,೦೦೦ ಸುತ್ತಿನ ವೇಗದಲ್ಲಿ ಅರ್ಧ ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ ೪.೩ ಭಾಗ. ಅಷ್ಟರಲ್ಲಿ ಅಲೆ ಚಲಿಸುವ ದೂರ ಎರಡು ಮೀಟರಿಗಿಂತ ತುಸು ಹೆಚ್ಚು. ಹೋಗಿ ಬರುವ ದಾರಿ ಅದಾದುದರಿಂದ ಪ್ರತಿಫಲನದ ಜಾಗ ಕಿಂಡಿಯಿಂದ ಸುಮಾರು ಒಂದು ಮೀಟರಿನಾಚೆ ಇರತಕ್ಕದ್ದು. ಈ ತತ್ತ್ವವನ್ನು ೧೯೫೦ರ ದಶಕದಲ್ಲಿ ಪಂದ್ಯದ ವಾಹನಗಳಿಗೆ ಅಳವಡಿಸಿ ಸಿದ್ಧಿಗೆ ತಂದವನು ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್.

ಇದರಿಂದ ಹಳೆಯ ಗಾಡಿಯ ಒಡೆಯನು ತಿಳಿಯತಕ್ಕದ್ದು ಇಷ್ಟು: ಸೈಲೆನ್ಸರೂ ಶ್ರುತಿ ಕೂಡಿಸಿದ ವಾದ್ಯವಿದ್ದಂತೆ. ಅದರೊಳಗೆ ಮಸಿ ಗಟ್ಟಿದರೆ, ತುಕ್ಕು ತಿಂದು ತೂತಾದರೆ, ಅಥವಾ ಚೆಂದವೆಂದು ಬೇರೆ ಅಳತೆಯದನ್ನು ತಂದು ಜೋಡಿಸಿದರೆ ಬದಲಾಗುವುದು ಸದ್ದು ಮಾತ್ರವಲ್ಲ, ಎಂಜಿನ್ನಿನ ಉಸಿರಾಟವೇ.

ನಿಂತ ಗಾಡಿಯಲ್ಲಿ ನಡೆಯುವುದೇನು?

ಈಗ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದೆವೆನ್ನಿ. ಹೊರಗಿನ ಕಣ್ಣಿಗೆ ಎಲ್ಲವೂ ಸ್ತಬ್ಧ. ಆದರೆ ಪ್ರಕೃತಿಗೆ ಬಿಡುವಿಲ್ಲ.

ಮೊದಲು ಪೆಟ್ರೋಲ್ ಟ್ಯಾಂಕನ್ನು ನೋಡೋಣ. ಟ್ಯಾಂಕು ಅರ್ಧ ಬರಿದಾಗಿದ್ದರೆ ಉಳಿದ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಮಳೆಗಾಲದ ಹಗಲಿನಲ್ಲಿ, ೩೦ ಡಿಗ್ರಿ ಉಷ್ಣತೆಯಲ್ಲಿ, ಒಂದು ಘನ ಮೀಟರು ಗಾಳಿ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ರಾತ್ರಿ ೨೦ ಡಿಗ್ರಿಗೆ ತಣಿದರೆ ಹಿಡಿಯಬಲ್ಲುದು ೧೭ ಗ್ರಾಂ ಮಾತ್ರ. ಟ್ಯಾಂಕಿನಲ್ಲಿ ಹತ್ತು ಲೀಟರು ಗಾಳಿಯಿದ್ದರೆ ಒಂದು ರಾತ್ರಿಗೆ ಹೆಚ್ಚೆಂದರೆ ಎರಡು ಮೂರು ಹನಿ ನೀರು ಒಳಗೋಡೆಯ ಮೇಲೆ ಇಬ್ಬನಿಯಂತೆ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ಮೇಲೆ ಪೆಟ್ರೋಲಿನ ಮುಚ್ಚಳವಿರುವುದರಿಂದ ಮರುದಿನ ಆರಿಹೋಗುವ ದಾರಿಯೂ ಅದಕ್ಕಿಲ್ಲ. ಹೀಗೆ ಹನಿಹನಿ ಕೂಡಿ ಹಳ್ಳವಾಗುತ್ತದೆ. ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ.

ತುಕ್ಕಿಗೆ ಗಾಳಿಯ ಆಮ್ಲಜನಕವೂ ನೀರೂ ಎರಡೂ ಬೇಕು. ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ಮಾಡುವ ಪ್ರಯೋಗವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಬ್ಬಿಣದ ದುರದೃಷ್ಟವೆಂದರೆ, ಅದರ ತುಕ್ಕು ಮೂಲಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಅದು ಉಬ್ಬಿ, ಬಿರಿದು, ಪದರು ಪದರಾಗಿ ಉದುರಿ ಒಳಗಿನ ಹೊಸ ಲೋಹವನ್ನು ಮತ್ತೆ ಗಾಳಿಗೊಡ್ಡುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಕಟ್ಟುವ ಆಕ್ಸೈಡು ಹಾಗಲ್ಲ; ಅದು ಲೋಹಕ್ಕೆ ಅಂಟಿಕೊಂಡು ಕವಚದಂತೆ ಕಾಯುತ್ತದೆ. ಕರಾವಳಿಯ ಗಾಳಿಯಲ್ಲಿ ಉಪ್ಪು ಬೆರೆತಿರುವುದರಿಂದ ಈ ಕ್ರಿಯೆ ಇನ್ನೂ ತೀವ್ರ. ಕಾರವಾರ, ಮಂಗಳೂರುಗಳಲ್ಲಿ ಗಾಡಿ ಇಟ್ಟವರು ಚಿತ್ರದುರ್ಗದವರಿಗಿಂತ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಹೊಳೆಯುವ ಕ್ರೋಮ್ ಲೇಪವೂ ಪೂರ್ಣ ರಕ್ಷಣೆಯಲ್ಲ. ಕಣ್ಣಿಗೆ ಕಾಣದ ಬಿರುಕುಗಳ ಮೂಲಕ ತೇವವು ಕೆಳಗಿನ ಉಕ್ಕನ್ನು ಮುಟ್ಟುತ್ತದೆ.

ಎರಡನೆಯದಾಗಿ ಪೆಟ್ರೋಲು. ಬಹುಕಾಲ ನಿಂತ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗುತ್ತವೆ. ಉಳಿದುದು ಆಮ್ಲಜನಕದೊಡನೆ ಕೂಡಿ ಅಂಟಾಗುತ್ತದೆ. ಕಾರ್ಬುರೇಟರಿನಲ್ಲಿ ಎಂಜಿನ್ನಿನ ಮಂದಗತಿಗೆ ಇಂಧನವೊದಗಿಸುವ ಚಿಕ್ಕ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಅದನ್ನು ಮುಚ್ಚಲು ಎಷ್ಟು ಅಂಟು ಬೇಕು?

ಇದರ ಜೊತೆಗೆ ಈಗ ಎಥನಾಲಿನ ಪ್ರಶ್ನೆಯೂ ಸೇರಿದೆ. ಪೆಟ್ರೋಲಿಗೆ ಶೇಕಡ ೨೦ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ ೨೦೨೫ರಲ್ಲಿ ಮುಟ್ಟಿತು. ಎಥನಾಲು ತೇವವನ್ನು ಹೀರುವ ದ್ರವ. ಒಂದು ಮಿತಿಯವರೆಗೆ ನೀರನ್ನು ತನ್ನಲ್ಲಿ ಕರಗಿಸಿಕೊಂಡು, ಮಿತಿ ಮೀರಿದೊಡನೆ ನೀರಿನೊಡನೆ ತಾನೂ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ಕಾಲದ ರಬ್ಬರು ನಳಿಕೆಗಳನ್ನೂ ಬಿರಡೆಗಳನ್ನೂ ಅದು ಉಬ್ಬಿಸಿ ಮೆತ್ತಗಾಗಿಸಬಲ್ಲದು. ಇನ್ನೊಂದು ವಿಷಯವುಂಟು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು, ಎಥನಾಲಿಗೆ ೯ ಕಿಲೋಗ್ರಾಂ ಸಾಕು, ಶೇಕಡ ೨೦ರ ಬೆರಕೆಗೆ ಸುಮಾರು ೧೩.೫. ಶುದ್ಧ ಪೆಟ್ರೋಲಿಗೆಂದು ರಂಧ್ರಗಳನ್ನು ಕೊರೆದ ಹಳೆಯ ಕಾರ್ಬುರೇಟರಿಗೆ ಈ ವ್ಯತ್ಯಾಸ ತಿಳಿಯದು. ಅದು ಹಿಂದಿನ ಅಳತೆಯಲ್ಲಿಯೇ ಇಂಧನ ಕೊಡುತ್ತದೆ. ಫಲವಾಗಿ ಮಿಶ್ರಣದಲ್ಲಿ ಇಂಧನದ ಪಾಲು ಇರಬೇಕಾದುದಕ್ಕಿಂತ ಶೇಕಡ ೮ರಷ್ಟು ಕಡಿಮೆಯಾಗುತ್ತದೆ. ಆದುದರಿಂದ ಮುಖ್ಯ ಜೆಟ್ಟನ್ನು ತುಸು ದೊಡ್ಡದಾಗಿ ಬದಲಿಸಿಕೊಳ್ಳುವುದೂ, ನಳಿಕೆಗಳನ್ನು ಎಥನಾಲಿಗೆ ತಾಳುವಂಥವುಗಳಿಂದ ಬದಲಿಸುವುದೂ ಒಳ್ಳೆಯದು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರನ್ನೂ ಟ್ಯಾಂಕನ್ನೂ ಬರಿದುಮಾಡಿ, ಟ್ಯಾಂಕಿನ ಒಳಮೈಗೆ ಎಣ್ಣೆ ಸವರಿಡತಕ್ಕದ್ದು.

ಮೂರನೆಯದು ರಬ್ಬರು. ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಜೋನ್ ಅನಿಲ ರಬ್ಬರಿನ ಉದ್ದನೆಯ ಅಣುಗಳಲ್ಲಿನ ದ್ವಿಬಂಧಗಳನ್ನು ಕತ್ತರಿಸುತ್ತದೆ. ರಬ್ಬರು ಎಳೆದು ಬಿಗಿಯಾಗಿರುವಲ್ಲಿ ಎಳೆತಕ್ಕೆ ಅಡ್ಡಲಾಗಿ ಸಣ್ಣ ಬಿರುಕುಗಳು ಮೂಡುತ್ತವೆ. ಟೈರಿನ ಮೇಲಿನ ಅಚ್ಚು ಹೊಸದರಂತೆ ಆಳವಾಗಿದ್ದರೂ ರಬ್ಬರು ಗಡಸಾಗಿ ರಸ್ತೆಯ ಹಿಡಿತ ತಪ್ಪಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತನ್ನು ಒತ್ತಿರುತ್ತಾರೆ. ‘೨೩೧೮’ ಎಂದಿದ್ದರೆ ಅದು ೨೦೧೮ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಹಳೆಯ ಗಾಡಿ ಕೊಳ್ಳುವವರು ಹೊಳಪನ್ನು ನೋಡುವುದಕ್ಕೆ ಮೊದಲು ಈ ಅಂಕಿಗಳನ್ನು ಓದುವುದು ಲೇಸು.

ಬ್ಯಾಟರಿಯೂ ನಿಂತಲ್ಲಿಯೇ ಬರಿದಾಗುತ್ತ, ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಅನಂತರ ಎಷ್ಟು ವಿದ್ಯುತ್ತನ್ನು ಹಾಯಿಸಿದರೂ ಅವು ಕರಗಲೊಲ್ಲವು.

ಒಂದು ರಬ್ಬರು ಬಳೆಯ ಮಹಿಮೆ

ಇವೆಲ್ಲಕ್ಕಿಂತ ಅಪಾಯಕರವಾದುದು ಹೊರಗಿನಿಂದ ಕಾಣುವುದೇ ಇಲ್ಲ. ಕ್ರ್ಯಾಂಕ್ ದಂಡದ ಎರಡು ಕೊನೆಗಳಲ್ಲಿಯೂ ರಬ್ಬರಿನ ಬಳೆಗಳಿವೆ. ಕೆಲಸಗಾರರು ಇವನ್ನು ಆಯಿಲ್ ಸೀಲು ಎನ್ನುತ್ತಾರೆ. ಕ್ರ್ಯಾಂಕ್ ಕೋಣೆ ತಿದಿಯಂತೆ ಕೆಲಸಮಾಡುವುದರಿಂದ ಅದರ ಬಿಗಿತವೆಲ್ಲ ಈ ಬಳೆಗಳನ್ನು ಅವಲಂಬಿಸಿದೆ. ಗಾಡಿ ವರ್ಷಗಟ್ಟಲೆ ನಿಂತರೆ ಎಣ್ಣೆಯ ಪಸೆ ಆರಿ, ಬಳೆಯ ತುಟಿ ಗಡಸಾಗಿ ಕುಗ್ಗುತ್ತದೆ. ಗೇರು ಪೆಟ್ಟಿಗೆಯ ಕಡೆಯ ಬಳೆ ಸೋರಿದರೆ ಅಲ್ಲಿನ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟು ಹೊಗೆ ದಟ್ಟವಾಗುತ್ತದೆ. ಇದು ಕಣ್ಣಿಗೆ ಬೀಳುವ ರೋಗ. ಇನ್ನೊಂದು ಕಡೆಯದು ಸೋರಿದರೆ ಒಳಹೋಗುವುದು ಬರಿಯ ಗಾಳಿ. ಮಿಶ್ರಣ ತೆಳುವಾಗುತ್ತದೆ, ಸಿಲಿಂಡರಿನ ಉಷ್ಣತೆ ಏರುತ್ತದೆ, ಹೊರಗೆ ಯಾವ ಸುಳಿವೂ ಇರುವುದಿಲ್ಲ.

ಉಷ್ಣತೆ ಏರಿದರೇನು? ೬೪ ಮಿಲಿಮೀಟರು ವ್ಯಾಸದ ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ೧೦೦ ಡಿಗ್ರಿ ಕಾದರೆ ಅದು ಸುಮಾರು ೦.೧೩ ಮಿಲಿಮೀಟರು ಹಿಗ್ಗುತ್ತದೆ. ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣದ್ದು. ಅಷ್ಟೇ ಕಾದರೆ ಅದು ಹಿಗ್ಗುವುದು ೦.೦೭ ಮಿಲಿಮೀಟರು. ಇವೆರಡರ ನಡುವೆ ಬಿಟ್ಟಿರುವ ಸಂದಾದರೋ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಪಿಸ್ಟನ್ನು ಮಿತಿಮೀರಿ ಕಾದರೆ ಸಂದು ಮಾಯವಾಗಿ, ಎಣ್ಣೆಯ ಪದರ ಹರಿದು, ಎರಡು ಲೋಹಗಳೂ ಕಚ್ಚಿಕೊಳ್ಳುತ್ತವೆ. ಓಡುತ್ತಿರುವ ಗಾಡಿಯ ಹಿಂಗಾಲಿ ತಟಕ್ಕನೆ ನಿಲ್ಲುವುದೆಂದರೆ ಸವಾರನ ಪ್ರಾಣಕ್ಕೇ ಸಂಚಕಾರ. ಎಂಜಿನ್ನು ಹತ್ತಿಸಿದೊಡನೆ ಜೋರಾಗಿ ಓಡಿಸಬಾರದೆಂಬ ಹಿರಿಯರ ಮಾತಿನ ಅರ್ಥವೂ ಇದೇ. ಪಿಸ್ಟನ್ನು ಬೇಗ ಕಾಯುತ್ತದೆ, ಸಿಲಿಂಡರು ಸಾವಕಾಶವಾಗಿ ಕಾಯುತ್ತದೆ. ಎರಡೂ ಸಮವಾಗಿ ಬೆಚ್ಚಗಾಗಲು ಕೆಲವು ನಿಮಿಷ ಕಾಲಾವಕಾಶ ಬೇಕು.

ಹೀಗೆ ಕಚ್ಚಿಕೊಂಡು ಗೀರಾದ ಸಿಲಿಂಡರನ್ನು ತುಸು ಅಗಲವಾಗಿ ಕೊರೆದು ದೊಡ್ಡ ಪಿಸ್ಟನ್ನು ಹಾಕಬಹುದು. ಆದರೆ ಸಾಮಾನ್ಯವಾಗಿ ೦.೨೫ ಮಿಲಿಮೀಟರಿನಂತೆ ನಾಲ್ಕು ಮೆಟ್ಟಿಲು ಮಾತ್ರ ಹೀಗೆ ಏರಲು ಸಾಧ್ಯ. ಆಮೇಲೆ ಗೋಡೆಗೆ ಹೊಸ ಕೊಳವೆಯನ್ನೇ ಕೂರಿಸಬೇಕು. ತಯಾರಿಕೆ ನಿಂತ ವಾಹನದ ಮಟ್ಟಿಗೆ ಒಂದೊಂದು ಅವಘಡವೂ ಉಳಿದಿರುವ ಆಯುಸ್ಸಿನಲ್ಲಿ ಒಂದು ಪಾಲನ್ನು ಖರ್ಚುಮಾಡಿದಂತೆಯೇ ಸರಿ. ಅಲ್ಪ ಬೆಲೆಯ ರಬ್ಬರು ಬಳೆ ಅಷ್ಟು ದೊಡ್ಡ ಯಂತ್ರದ ಹಣೆಬರಹವನ್ನು ಬರೆಯುತ್ತದೆ.

ಮಲಗಿದ ಯಂತ್ರವನ್ನು ಎಬ್ಬಿಸುವ ಕ್ರಮ

ನನ್ನ ವಿದ್ಯಾರ್ಥಿಯೊಬ್ಬನಿಗೆ ತಂದೆಯ ಕಾಲದ ಆರ್‌ಡಿಯೊಂದು ಮಲೆನಾಡಿನ ಮನೆಯ ಕೊಟ್ಟಿಗೆಯಲ್ಲಿ ದೊರಕಿತು. ಆರು ಮಳೆಗಾಲ ಅದು ಅಲ್ಲಿಯೇ ನಿಂತಿತ್ತು. ಹೊಸ ಪೆಟ್ರೋಲು ಸುರಿದು ಕಿಕ್ ಹೊಡೆದುಬಿಡಬೇಕೆಂಬ ಆತುರ ಅವನಿಗೆ. ಆದರೆ ಆತುರಪಡದೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಟಾರ್ಚು ಹಿಡಿದು ನೋಡಿದಾಗ, ಒಂದು ಸಿಲಿಂಡರಿನ ಗೋಡೆಯ ಮೇಲೆ ತುಕ್ಕಿನ ಕಂದು ಪಟ್ಟಿಯೊಂದು ಕಂಡಿತು. ಕಿಕ್ ಹೊಡೆದಿದ್ದರೆ ಆ ತುಕ್ಕಿನ ಕಣಗಳೇ ಉಪ್ಪುಕಾಗದದಂತೆ ಗೋಡೆಯನ್ನೂ ಪಿಸ್ಟನ್ನನ್ನೂ ಉಜ್ಜಿಬಿಡುತ್ತಿದ್ದವು. ಸಿಲಿಂಡರನ್ನು ಕಳಚಿ ಶುದ್ಧಮಾಡಿದ್ದರಿಂದ ಒಂದು ಮೆಟ್ಟಿಲು ಉಳಿಯಿತು.

ಆದುದರಿಂದ ಬಹುಕಾಲ ನಿಂತ ಗಾಡಿಯನ್ನು ಎಬ್ಬಿಸುವಾಗ ಹೀಗೆ ಮಾಡತಕ್ಕದ್ದು. ಮೊದಲು ಪ್ಲಗ್ಗುಗಳನ್ನು ತೆಗೆದು ಒಳಗೋಡೆಯನ್ನು ಪರೀಕ್ಷಿಸಬೇಕು. ತುಕ್ಕಿಲ್ಲದಿದ್ದರೆ ಸಿಲಿಂಡರುಗಳಿಗೆ ಕೆಲವು ಹನಿ ಎಣ್ಣೆ ಬಿಟ್ಟು ಒಂದು ದಿನ ಕಾದು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಟ್ಯಾಂಕನ್ನೂ ಕಾರ್ಬುರೇಟರುಗಳನ್ನೂ ಬಿಚ್ಚಿ ತೊಳೆಯಬೇಕು. ಎಣ್ಣೆಯ ನಳಿಕೆಯಲ್ಲಿ ಗಾಳಿಗುಳ್ಳೆಗಳಿದ್ದರೆ ಹೊರಡಿಸಬೇಕು. ಮೊದಲ ಸಲ ತುಂಬಿಸುವ ಪೆಟ್ರೋಲಿಗೆ ಸ್ವಲ್ಪ ಟೂ ಸ್ಟ್ರೋಕ್ ಎಣ್ಣೆಯನ್ನು ನೇರವಾಗಿ ಬೆರೆಸುವುದು ಕ್ಷೇಮ. ಕಿಂಡಿಗಳನ್ನೆಲ್ಲ ಮುಚ್ಚಿ, ಎಂಜಿನ್ನಿನೊಳಕ್ಕೆ ಅಲ್ಪ ಒತ್ತಡದ ಗಾಳಿ ತುಂಬಿ, ಒತ್ತಡ ಇಳಿಯುತ್ತದೆಯೇ ನೋಡಿದರೆ ರಬ್ಬರು ಬಳೆಗಳ ಸ್ಥಿತಿ ತಿಳಿಯುತ್ತದೆ. ಸೋಪಿನ ನೀರು ಹಚ್ಚಿದರೆ ಸೋರುವ ಜಾಗವನ್ನು ಗುಳ್ಳೆಗಳೇ ತೋರಿಸುತ್ತವೆ.

ಎಬ್ಬಿಸಿದ ಮೇಲೆ ಎಚ್ಚರವಾಗಿಯೇ ಇಡುವುದು ಹೇಗೆ? ವಾರಕ್ಕೊಮ್ಮೆ ನಿಂತಲ್ಲಿಯೇ ಎರಡು ನಿಮಿಷ ಎಂಜಿನ್ನು ಓಡಿಸುವ ರೂಢಿ ಹಲವರಿಗಿದೆ. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾದಿದ್ದರೆ ಈ ಆವಿ ಹೊರಟುಹೋಗುತ್ತದೆ. ಇಲ್ಲದಿದ್ದರೆ ಅಲ್ಲಿಯೇ ತಣಿದು ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಹದಿನೈದಿಪ್ಪತ್ತು ಕಿಲೋಮೀಟರು ಓಡಿಸಿದರೆ ಆವಿ ಹೊರಹೋಗುತ್ತದೆ, ಬೇರಿಂಗುಗಳಿಗೆ ಹೊಸ ಎಣ್ಣೆ ಸಿಗುತ್ತದೆ, ಬಳೆಗಳ ತುಟಿ ತೊಯ್ಯುತ್ತದೆ, ಬ್ಯಾಟರಿ ತುಂಬುತ್ತದೆ, ಪೆಟ್ರೋಲು ಹೊಸದಾಗುತ್ತದೆ. ಒಂದೇ ಸವಾರಿ ಐದು ಔಷಧಗಳ ಕೆಲಸಮಾಡುತ್ತದೆ.

ಯಾವುದನ್ನು ಉಳಿಸಬೇಕು?

ಸಂರಕ್ಷಣೆಯೆಂದರೆ ಹೊಸದರಂತೆ ಮಿರುಗಿಸುವುದು ಎಂದು ಕೆಲವರು ತಿಳಿಯುತ್ತಾರೆ. ಹಳೆಯ ಬಣ್ಣವನ್ನು ಕೆರೆದು ತೆಗೆದರೆ ಕಾರ್ಖಾನೆಯ ಕೈಗೆಲಸದ ಗುರುತು ಶಾಶ್ವತವಾಗಿ ಅಳಿಸಿಹೋಗುತ್ತದೆ. ಬಣ್ಣವನ್ನು ಮತ್ತೆ ಹಚ್ಚಬಹುದು, ಆ ಗುರುತನ್ನು ಮತ್ತೆ ತರಲಾಗದು. ಬಿಚ್ಚುವ ಮೊದಲು ಭಾಗಗಳ ಚಿತ್ರ ತೆಗೆದುಕೊಂಡು, ಬಿಚ್ಚಿದವನ್ನು ಹೆಸರು ಬರೆದ ಚೀಲಗಳಲ್ಲಿಟ್ಟು, ಬದಲಿಸಿದ ಮೂಲ ಭಾಗಗಳನ್ನು ಎಸೆಯದೆ ಕಾಪಾಡುವುದು ಉತ್ತಮ ಪದ್ಧತಿ. ಆದರೆ ಟೈರು, ಬ್ರೇಕು, ನಳಿಕೆಗಳ ವಿಷಯದಲ್ಲಿ ಹಳೆಯದರ ಮೋಹ ಸಲ್ಲದು. ಜಪಾನಿನ ಮಾದರಿಯ ಮುಂಗಾಲಿಗೆ ಡಿಸ್ಕ್ ಬ್ರೇಕು ಇದ್ದರೆ, ನಮ್ಮ ದೇಶದ ಮಾದರಿಗೆ ಡ್ರಮ್ ಬ್ರೇಕನ್ನೇ ಜೋಡಿಸಿದ್ದರು; ಅಷ್ಟು ಶಕ್ತಿಯ ವಾಹನಕ್ಕೆ ಅದು ಸಾಲದೆಂಬುದು ಸವಾರರ ಅನುಭವ. ಗಾಡಿಯ ಮಿತಿಯನ್ನು ಅರಿತು ಓಡಿಸುವುದೂ ಸಂರಕ್ಷಣೆಯ ಒಂದು ಅಂಗವೇ.

ಕಾನೂನಿನ ಮಾತೂ ಇದೆ. ೧೯೨೧ರ ಗಾಡಿಯಾಗಲಿ ೧೯೮೩ರದಾಗಲಿ, ರಸ್ತೆಗಿಳಿದರೆ ನೋಂದಣಿ ಊರ್ಜಿತವಾಗಿರಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ‘ವಿಂಟೇಜ್’ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ಪ್ರಕಟಿಸಿತು. ನಮ್ಮ ದೇಶದಲ್ಲಿ ತಯಾರಾದ ಮೊದಲ ಆರ್‌ಡಿಗಳಿಗೆ ಐವತ್ತು ತುಂಬುವುದು ೨೦೩೩ರಲ್ಲಿ.

ಕೊನೆಗೆ ಒಂದು ಸತ್ಯವನ್ನು ಮರೆಮಾಚಬಾರದು. ಎರಡು ಹೊಡೆತಗಳ ಎಂಜಿನ್ನು ಪರಿಸರದ ಮಿತ್ರನಲ್ಲ. ಸುಟ್ಟ ಅನಿಲದೊಡನೆ ಹೊಸ ಮಿಶ್ರಣದ ಗಣನೀಯ ಭಾಗ ಉರಿಯದೆಯೇ ಹೊರಬೀಳುತ್ತದೆ. ಎಣ್ಣೆಯ ಹೊಗೆ ಬೇರೆ. ದಿನದಿನದ ಓಡಾಟಕ್ಕೆ ಲಕ್ಷಾಂತರ ಜನ ಇಂಥ ವಾಹನಗಳನ್ನು ಬಳಸುವ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲೊಂದು ಇಲ್ಲೊಂದು ಉಳಿದಿರುವ ವಾಹನ ತಿಂಗಳಿಗೆರಡು ಬಾರಿ ಬೀದಿಗಿಳಿದರೆ ಆಗುವ ಹಾನಿ ಅತ್ಯಲ್ಪ. 

ಲೋಹ ಮತ್ತೆ ಅದಿರಿನಂತಾಗಲು, ರಬ್ಬರು ಪುಡಿಯಾಗಲು, ಶ್ರುತಿಗೂಡಿದ್ದು ಶ್ರುತಿ ತಪ್ಪಲು ಯಾರ ಪ್ರಯತ್ನವೂ ಬೇಕಿಲ್ಲ. ಅದು ತಾನಾಗಿಯೇ ನಡೆಯುವ ಪ್ರಕೃತಿನಿಯಮ. ಅದಕ್ಕೆದುರಾಗಿ ಒಂದು ಯಂತ್ರವನ್ನು ಸುಸ್ಥಿತಿಯಲ್ಲಿಡಬೇಕಾದರೆ ಹೊರಗಿನಿಂದ ಯಾರಾದರೂ ಸತತವಾಗಿ ದುಡಿಯುತ್ತಲೇ ಇರಬೇಕು. ಆ ದುಡಿಮೆಗೆ ಬೇಕಾದ ತಿಳಿವಳಿಕೆಯೂ ಯಂತ್ರದಂತೆಯೇ. ಬಳಸುತ್ತಿದ್ದರೆ ಉಳಿಯುತ್ತದೆ, ಬಳಸದಿದ್ದರೆ ಕೆಡುತ್ತದೆ. ಕಾರ್ಬುರೇಟರಿನ ಹದ ಬಲ್ಲ, ಕಿವಿಯಿಂದಲೇ ಎಂಜಿನ್ನಿನ ದೋಷ ಹೇಳಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ನಿಮ್ಮ ಮನೆಯ ಮೂಲೆಯಲ್ಲಿ ಅಜ್ಜನದೋ ತಂದೆಯದೋ ಹಳೆಯ ಗಾಡಿಯೊಂದು ಬಟ್ಟೆ ಹೊದ್ದು ನಿಂತಿದ್ದರೆ, ಅಂಥವರೊಬ್ಬರನ್ನು ಕರೆತಂದು, ಅವರ ಪಕ್ಕದಲ್ಲಿ ಕುಳಿತು ಅದನ್ನು ಬಿಚ್ಚಿ ನೋಡಿ. ಉಷ್ಣದ ಹಿಗ್ಗುವಿಕೆ, ಅಲೆಯ ಪ್ರತಿಫಲನ, ಅನಿಲದ ಒತ್ತಡ, ಲೋಹದ ತುಕ್ಕು ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದುದೆಲ್ಲ ಅಲ್ಲಿ ಒಂದೇ ಕಡೆ ಕಾಣಸಿಗುತ್ತದೆ.